ಕಾಣೆಯಾದ ಮೂರು ನಿಮಿಷ

ಬಕ್ಕೇಶಪ್ಪನವರಿಗೆ ಅನುಮಾನ ಹೊಸದಲ್ಲ. ಹಾಲಿನವನು ನೀರು ಬೆರೆಸಿದರೆ ಒಂದು ಅನುಮಾನ, ಬೆರೆಸದ ದಿನ ಯಾಕೆ ಬೆರೆಸಲಿಲ್ಲವೆಂದು ಎರಡು ಅನುಮಾನ. ದಾವಣಗೆರೆಯ ಹಳೇಪೇಟೆಯಲ್ಲಿ ನಲವತ್ತು ವರ್ಷ ಜವಳಿ ಅಂಗಡಿ ನಡೆಸಿದವರು. ಬಟ್ಟೆಯ ಮಡಿಕೆಯನ್ನೂ ಗಿರಾಕಿಯ ಮುಖವನ್ನೂ ಒಟ್ಟಿಗೇ ಬಿಚ್ಚಿ ನೋಡುವ ಅಭ್ಯಾಸ. ಅಂಥವರು ಈ ಲೋಕದಲ್ಲಿ ಕಣ್ಣು ಮುಚ್ಚಿ ನಂಬಿದ್ದು ಎರಡನ್ನೇ. ಒಂದು, ಲೋಕಿಕೆರೆ ಕರಿಯವ್ವ ಹಾಡಿದ ‘ಹೊಳೆಯಾಚೆ’ ಎಂಬ ಕ್ಯಾಸೆಟ್ಟು. ಇನ್ನೊಂದು, ಹರಿಹರದ ಸಿಕಂದರ್. ಈಗ ಎರಡನೆಯದು ಮೊದಲನೆಯದನ್ನು ನುಂಗಿಹಾಕಿದೆ ಎಂಬ ಹುಳ ಅವರ ತಲೆಯೊಳಗೆ ಹೊಕ್ಕಿತ್ತು.

ಸಿಕಂದರ್ ಹರಿಹರದ ಬಸ್ ನಿಲ್ದಾಣದ ಹತ್ತಿರ ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಹನ್ನೆರಡು ವರ್ಷದ ಕೆಳಗೆ ಹಳೆ ಕ್ಯಾಸೆಟ್ ಹುಡುಕಿಕೊಂಡು ಹೋದಾಗ ಆದ ಪರಿಚಯ. ಬಕ್ಕೇಶಪ್ಪನವರ ಕಣ್ಣಿನ ಆಪರೇಷನ್ ಆದಾಗ ಹದಿನೈದು ದಿನ ಬಸ್ಸು ಹತ್ತಿ ಬಂದು, ತನ್ನ ಪುಟ್ಟ ಪ್ಲೇಯರಿನಲ್ಲಿ ಹಾಡು ಹಾಕಿ ಪಕ್ಕದಲ್ಲಿ ಕೂತವನು ಅವನೇ. ಸ್ವಂತ ತಮ್ಮ ಎರಡು ಸಲ ಬಂದು ಬಾಳೆಹಣ್ಣು ಕೊಟ್ಟು ಹೋಗಿದ್ದ.

ಇವರದೊಂದು ಬಳಗವಿತ್ತು, ‘ಸುರುಳಿ ಬಳಗ’ ಅಂತ. ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ದೇವರಾಜ ಅರಸು ಬಡಾವಣೆಯಲ್ಲಿ ಬ್ಯಾಂಕಿನ ಅಂಜನಕುಮಾರನ ಮನೆಯ ಮಹಡಿಯ ಮೇಲೆ ಏಳೆಂಟು ಜನ ಸೇರುತ್ತಿದ್ದರು. ಮಂಡಕ್ಕಿ, ಮೆಣಸಿನಕಾಯಿ, ಚಹಾ. ಆಮೇಲೆ ಒಬ್ಬೊಬ್ಬರು ತಂದ ಕ್ಯಾಸೆಟ್ಟಿನ ಒಂದು ಬದಿ, ಪೂರ್ತಿ, ಯಾರೂ ಬಾಯಿ ಬಿಡದೆ ಕೇಳಬೇಕು. ಹಾಡು ನಿಂತ ಮೇಲೆ ಜಗಳ. ಈ ವರ್ಷ ಒಂದು ದೊಡ್ಡ ಪಂದ್ಯ ಇಟ್ಟುಕೊಂಡಿದ್ದರು: ಬದುಕಿನಲ್ಲಿ ಕೇಳಿದ್ದರಲ್ಲೆಲ್ಲ ಅತ್ಯುತ್ತಮ ಯಾವುದು, ಅದನ್ನು ತಂದು ಎಲ್ಲರ ಮುಂದೆ ಹಾಕಿ ಸಮರ್ಥಿಸಬೇಕು. ಎಲ್ಲರಿಗೂ ಒಂದೇ ತಕ್ಕಡಿ ಇರಲಿ ಎಂದು ಸಿಕಂದರನ ಯಂತ್ರದಲ್ಲೇ ಹಾಕಬೇಕೆಂಬ ನಿಯಮ.

ಬಕ್ಕೇಶಪ್ಪನವರು ‘ಹೊಳೆಯಾಚೆ’ಯನ್ನು ಮೂವತ್ತು ವರ್ಷದಲ್ಲಿ ಮನೆಯ ಹೊಸ್ತಿಲು ದಾಟಿಸಿರಲಿಲ್ಲ. ಅದರ ಜೊತೆಗೇ ಕೊಂಡ ಒಂದು ಸೆಕೆಂಡ್ ಹ್ಯಾಂಡ್ ಟೇಪ್‌ರೆಕಾರ್ಡರಿತ್ತು. ಅದಕ್ಕೆ ಬೇರೆ ಯಾವ ಕ್ಯಾಸೆಟ್ಟನ್ನೂ ತಾಗಿಸುತ್ತಿರಲಿಲ್ಲ. ಬೇರೆ ಕ್ಯಾಸೆಟ್ಟು ಏನಿದ್ದರೂ ಬಳಗದಲ್ಲಿ, ಬೇರೆ ಹಾಡೆಲ್ಲ ಮೊಬೈಲಿನಲ್ಲಿ. ಬೆಳಗ್ಗೆ ಏಳಕ್ಕೆ ಸರಿಯಾಗಿ ಗುಂಡಿ ಒತ್ತಿದರೆ ಏಳು ಮೂವತ್ತೊಂದಕ್ಕೆ ಟಪ್ ಎಂದು ನಿಲ್ಲುತ್ತಿತ್ತು. ಅಷ್ಟು ಹೊತ್ತು ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. “ಒಂದ್ಸಲ ಮಿಷನ್ ಬಿಚ್ಚಿ ನೋಡ್ಲಾ ಬಕ್ಕೇಶಣ್ಣ?” ಎಂದು ಸಿಕಂದರ್ ಎಷ್ಟು ಸಲ ಕೇಳಿದರೂ, “ಕೆಟ್ಟಿಲ್ಲದ್ದನ್ನ ಯಾಕ ಬಿಚ್ತೀಯ?” ಎಂದು ಬಾಯಿ ಮುಚ್ಚಿಸುತ್ತಿದ್ದರು.

ಪಂದ್ಯಕ್ಕೆಂದು ಕ್ಯಾಸೆಟ್ಟನ್ನು ಹರಿಹರಕ್ಕೆ ಒಯ್ದು ತೋರಿಸಿದಾಗ ಸಿಕಂದರ್ ಅದನ್ನು ಬೆಳಕಿಗೆ ಹಿಡಿದು ನೋಡಿ, “ಸುರುಳಿಗೆ ಬೂಷ್ಟು ಹಿಡಿದೈತೆ. ಹಿಂಗೇ ಓಡಿಸಿದ್ರೆ ಒಂದಿನ ಹರಿದು ಕೈಗೆ ಬರ್ತೈತೆ. ಒಂದು ವಾರ ನನ್ನತ್ರ ಬಿಡ್ರಿ, ಒರೆಸಿ ಭಾನುವಾರ ತರ್ತೀನಿ” ಎಂದ. ಬಕ್ಕೇಶಪ್ಪನವರು ಕೊಟ್ಟರು. ಕೊಟ್ಟು ಮನೆಗೆ ಬರುವಷ್ಟರಲ್ಲಿ ಚೀಟಿ ಬರೆಸಿಕೊಳ್ಳಬೇಕಿತ್ತು ಅನ್ನಿಸತೊಡಗಿತು.

ಎರಡು ತಿಂಗಳ ಹಿಂದೆ ಇದೇ ಸಿಕಂದರ್ ನಗುತ್ತಾ ಹೇಳಿದ್ದು ಈಗ ನೆನಪಾಯಿತು: ಬೆಂಗಳೂರಿನ ಯಾರೋ ಸಂಗ್ರಹಕಾರ ಫೋನು ಮಾಡಿ ‘ಹೊಳೆಯಾಚೆ’ಯ ಅಸಲಿ ಪ್ರತಿ ಸಿಕ್ಕರೆ ಕೇಳಿದಷ್ಟು ಕೊಡುತ್ತೇನೆ ಅಂದಿದ್ದನಂತೆ. ಆಗ ಅದು ತಮ್ಮ ಕ್ಯಾಸೆಟ್ಟಿನ ಹಿರಿಮೆ ಅನ್ನಿಸಿ ಹಿಗ್ಗಿದ್ದರು. ಈಗ ಆ ನಗುವನ್ನೇ ತಿರುಗಿಸಿ ತಿರುಗಿಸಿ ನೋಡಿದರು. ಸೋಮವಾರ ಮೂರು ಸಲ ಫೋನು ಮಾಡಿದರು. ಮೂರನೆಯದನ್ನು ಅವನು ಎತ್ತಲಿಲ್ಲ. ಬುಧವಾರ ತಡೆಯಲಾರದೆ ಹರಿಹರಕ್ಕೇ ಹೋದರು. ಅಂಗಡಿಗೆ ಬೀಗ. ಪಕ್ಕದ ಚಹಾದವನು, “ಮಲೆಬೆನ್ನೂರಿಗೆ ಹೋಗ್ಯಾನ್ರಿ, ಯಾವುದೋ ಕ್ಯಾಸೆಟ್ ವಿಷ್ಯ” ಎಂದ. ನೂರು ಕಡೆ ಹೋಗಬಹುದಾದ ಮನುಷ್ಯ ಮಲೆಬೆನ್ನೂರಿಗೆ ಯಾಕೆ ಹೋದ? ಯಾರನ್ನು ಕಾಣಲು ಹೋದ? ವಾಪಸು ಬರುವ ಬಸ್ಸಿನಲ್ಲಿ ಬಕ್ಕೇಶಪ್ಪನವರು ಟಿಕೆಟ್ಟಿನ ಚಿಲ್ಲರೆ ತೆಗೆದುಕೊಳ್ಳುವುದನ್ನೇ ಮರೆತರು.

ಭಾನುವಾರ ಬಳಗಕ್ಕೆ ಸಿಕಂದರ್ ನಗುತ್ತಲೇ ಬಂದ. ಜೇಬಿನಿಂದ ಕ್ಯಾಸೆಟ್ ತೆಗೆದ. ಹಳದಿಗಟ್ಟಿದ್ದ ಅದರ ಮೈ ಈಗ ಹಾಲಿನಂತೆ ಬೆಳ್ಳಗಿತ್ತು.

“ಬಾಡಿ ಬಿರುಕು ಬಿಟ್ಟಿತ್ತು ಬಕ್ಕೇಶಣ್ಣ, ಬೇರೆ ಹಾಕೀನಿ. ಒಳಗಿನ ಸುರುಳಿ ನಿಮ್ದೇ.”

ಕೇಳದೆಯೇ ಕೊಟ್ಟ ಜವಾಬು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದು ಬಕ್ಕೇಶಪ್ಪನವರು ಮನಸ್ಸಿನಲ್ಲೇ ಅಂದುಕೊಂಡರು. ಆದರೂ ಎದ್ದು ನಿಂತು, ಮೂವತ್ತು ವರ್ಷದಿಂದ ಸಿದ್ಧ ಮಾಡಿಕೊಂಡಿದ್ದ ಭಾಷಣ ಮಾಡಿದರು. ಇದು ಗಂಟಲಿನ ದನಿಯಲ್ಲ, ಅರವತ್ತು ಮಳೆಗಾಲ ಕಂಡ ಮುದುಕಿಯ ದನಿ. ಗಂಡನನ್ನು, ಮಕ್ಕಳನ್ನು ಮಣ್ಣು ಮಾಡಿ ಬಂದವಳು ಹೊಳೆಯ ದಂಡೆಯಲ್ಲಿ ಕೂತು ಹಾಡಿದಂತಿದೆ. ಇಂಥ ಗಾಂಭೀರ್ಯ ಕಲಿತು ಬರುವುದಲ್ಲ. ಸಂಗೀತದ ಟೀಚರ್ ರೇವತಿ ಕೆನ್ನೆಗೆ ಕೈ ಕೊಟ್ಟು ಕೇಳುತ್ತಿದ್ದರು. ಸಿಕಂದರ್ ಗುಂಡಿ ಒತ್ತಿದ.

ಬಂದದ್ದು ಆ ದನಿಯಲ್ಲ. ಅದೇ ಪದ, ಅದೇ ಏಕತಾರಿ, ಆದರೆ ದನಿ ಮಾತ್ರ ಹಗುರ, ತೆಳುವು, ಓಡುವ ದನಿ. ಬಕ್ಕೇಶಪ್ಪನವರ ಕಿವಿ ಕಾದ ಹೆಂಚಿನಂತಾಯಿತು. ಯಾರೂ ಬಾಯಿ ಬಿಡಬಾರದೆಂಬ ನಿಯಮ ಇಲ್ಲದಿದ್ದರೆ ಅಲ್ಲೇ ಕೂಗುತ್ತಿದ್ದರು. ಬದಿ ಮುಗಿದು ಯಂತ್ರ ನಿಂತಿತು. ಅಂಜನಕುಮಾರ ವಾಡಿಕೆಯಂತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾ, “ಇಪ್ಪತ್ತೆಂಟು ನಿಮಿಷ” ಎಂದ.

“ಎಂಥಾ ಚುರುಕು ಹುಡುಗಿ!” ಎಂದರು ರೇವತಿ. “ಇಪ್ಪತ್ತೂ ತುಂಬಿರಲಿಕ್ಕಿಲ್ಲ. ಮುದುಕಿ ಅಂದ್ರಲ್ಲ ನೀವು?”

“ಇದು ನನ್ನ ಕ್ಯಾಸೆಟ್ ಅಲ್ಲ.” ಬಕ್ಕೇಶಪ್ಪನವರು ಅಂಜನಕುಮಾರನ ಪುಸ್ತಕದ ಮೇಲೆ ಬೆರಳಿಟ್ಟರು. “ನಂದು ಮೂವತ್ತೊಂದು ನಿಮಿಷ. ಮೂವತ್ತು ವರ್ಷ ಗಡಿಯಾರ ನೋಡೀನಿ. ಮೂರು ನಿಮಿಷ ಎಲ್ಲಿಗೆ ಹೋಯ್ತು? ಹೇಳು ಸಿಕಂದರ್. ಬುಧವಾರ ಮಲೆಬೆನ್ನೂರಿನಾಗೆ ಯಾರಿಗೆ ಕೊಟ್ಟೆ? ಬೆಂಗಳೂರಿನವನು ಅಲ್ಲಿಗೇ ಬಂದಿದ್ನಾ?”

ಸಿಕಂದರನ ಮುಖದ ನಗು ಅರ್ಧಕ್ಕೇ ನಿಂತಿತು. “ಬಾಡಿ ಹುಡುಕ್ಕೊಂಡು ಹೋಗಿದ್ದೆ, ಬಕ್ಕೇಶಣ್ಣ. ಅಲ್ಲೊಂದು ಹಳೇ ಅಂಗಡಿಯಾಗೆ ಇಂಥವು ಸಿಗ್ತಾವೆ.”

“ಸುಳ್ಳು. ಬೇರೆ ಯಾರೋ ಹಾಡಿದ್ದನ್ನ ತುಂಬಿ ಕೊಟ್ಟು ಅಸಲಿ ಇಟ್ಕೊಂಡೀಯ. ರಿಪೇರಿ ಮಾಡೋರ ಬುದ್ಧಿ ಎಲ್ಲಿ ಹೋಗ್ತೈತೆ? ಕಳ್ಳ ನೀನು.”

ಸಿಕಂದರ್ ಕ್ಯಾಸೆಟ್ ತೆಗೆದು ಬಕ್ಕೇಶಪ್ಪನವರ ಮುಂದಿಟ್ಟ. ತನ್ನ ಯಂತ್ರದ ವೈರು ಸುತ್ತಿ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದ. ಅರ್ಧ ಕುಡಿದ ಚಹಾ ಅಲ್ಲೇ ಉಳಿಯಿತು.

ಎಂಟು ದಿನ ಬಕ್ಕೇಶಪ್ಪನವರು ಆ ಕ್ಯಾಸೆಟ್ಟನ್ನು ಮುಟ್ಟಲಿಲ್ಲ. ನಕಲಿಯನ್ನು ತಮ್ಮ ಯಂತ್ರಕ್ಕೆ ಹಾಕಿದರೆ ಯಂತ್ರಕ್ಕೂ ಮೈಲಿಗೆ ಅನ್ನುವಷ್ಟು ಕೋಪ. ಬೆಳಗ್ಗೆ ಏಳು ಗಂಟೆ ಮಾತ್ರ ಸುಮ್ಮನೆ ಬಿಡಲಿಲ್ಲ. ಆ ಹೊತ್ತಿಗೆ ಎದ್ದು, ಕೂತು, ಮತ್ತೆ ಎದ್ದು, ಹೆಂಡತಿ ವಾಣಿಶ್ರೀಯ ರೊಟ್ಟಿ ದಪ್ಪವಾಯಿತೆಂದು ರೇಗುತ್ತಿದ್ದರು. ಒಂಬತ್ತನೆಯ ದಿನ ವಾಣಿಶ್ರೀ ಹಿಟ್ಟಿನ ಕೈ ಒರೆಸಿಕೊಂಡು ಬಂದು, ಏಳಕ್ಕೆ ಸರಿಯಾಗಿ ಆ ಬಿಳಿ ಕ್ಯಾಸೆಟ್ಟನ್ನು ಟೇಪ್‌ರೆಕಾರ್ಡರಿಗೆ ತುರುಕಿ ಗುಂಡಿ ಒತ್ತಿದರು.

ಕರಿಯವ್ವ ಹಾಡಿದಳು. ಅದೇ ಭಾರದ ದನಿ, ಅದೇ ಮುದುಕಿ, ಅದೇ ಹೊಳೆ.

ಬಕ್ಕೇಶಪ್ಪನವರು ಕುರ್ಚಿಯಿಂದ ಎದ್ದುಬಿಟ್ಟರು. “ಅವನು ಬಂದಿದ್ನಾ? ನಾನಿಲ್ಲದಾಗ ಬಂದು ಅಸಲಿ ಇಟ್ಟು ಹೋದ್ನಾ? ನೀನೂ ಸೇರ್ಕೊಂಡೀಯಾ?”

“ಯಾರೂ ಬಂದಿಲ್ಲ, ಕೂಡ್ರಿ” ಎಂದರು ವಾಣಿಶ್ರೀ. “ಕುಣಿಯಕ್ಕೆ ಬಾರದೋಳು ನೆಲ ಡೊಂಕು ಅಂದ್ಲಂತೆ.”

ಏಳು ಮೂವತ್ತೊಂದಕ್ಕೆ ಯಂತ್ರ ಟಪ್ ಎಂದು ನಿಂತಿತು. ಒಂದೇ ಕ್ಯಾಸೆಟ್ಟು, ಅಲ್ಲಿ ಇಪ್ಪತ್ತೆಂಟು, ಇಲ್ಲಿ ಮೂವತ್ತೊಂದು. ಲೆಕ್ಕ ಬಿಡಿಸಲು ಬಕ್ಕೇಶಪ್ಪನವರಿಗೆ ಧೈರ್ಯ ಬರಲಿಲ್ಲ, ವಾಣಿಶ್ರೀ ಬಿಡಿಸಿದರು. ಕ್ಯಾಸೆಟ್ಟಿನ ಜೊತೆ ಬಂದಿದ್ದ ಹೊಳೆಯ ಚಿತ್ರದ ಕಾಗದವನ್ನು, ಕೊಂಡ ದಿನವೇ ಹಿಂಬದಿ ತಿರುಗಿಸಿಯೂ ನೋಡದೆ, ಇವರು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಆಕೆ ಅದನ್ನು ಇಳಿಸಿ, ಹಿಂದಿನ ರಟ್ಟು ಕಿತ್ತು, ಕಾಗದ ತಿರುಗಿಸಿ, ಕನ್ನಡಕ ಹಾಕಿಕೊಂಡು ಓದಿದರು: ಮೊದಲ ಬದಿ, ಇಪ್ಪತ್ತೆಂಟು ನಿಮಿಷ. ಅದರ ಕೆಳಗೆ: ಹದಿನೆಂಟು ವರ್ಷದ ಹೊಸ ಪ್ರತಿಭೆ ಕುಮಾರಿ ಕರಿಯವ್ವ.

“ನಮ್ಮ ಮಿಷನ್ನೇ ನಿಧಾನ ಓಡ್ತೈತೆ” ಎಂದರು ವಾಣಿಶ್ರೀ. “ತಂದ ದಿನದಿಂದಾನೂ ಹಿಂಗೇ ಇರ್ಬೇಕು.”

ಮೂವತ್ತು ವರ್ಷ ಪೂಜೆ ಮಾಡಿದ ಮುದುಕಿ ಎಲ್ಲೂ ಇರಲೇ ಇಲ್ಲ ಎಂದು ಬಕ್ಕೇಶಪ್ಪನವರಿಗೆ ನೋವಾಯಿತು. ಆದರೆ ಅದು ಎರಡನೆಯ ನೋವು. ಮೊದಲನೆಯದು ಹರಿಹರದ ದಾರಿಯಲ್ಲಿತ್ತು. ಆವತ್ತೇ ಟೇಪ್‌ರೆಕಾರ್ಡರನ್ನು ಹಳೆ ಪಂಚೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದರು. ದಾರಿಯುದ್ದಕ್ಕೂ ಹೊಸ ಅನುಮಾನ ಒಂದೂ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಸಿಕಂದರ್ ಅಂಗಡಿಯಲ್ಲಿ ಒಂದು ರೇಡಿಯೊ ಬಿಚ್ಚಿಕೊಂಡು ಕೂತಿದ್ದ. ಬಕ್ಕೇಶಪ್ಪನವರು ಯಂತ್ರವನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದರು. ಒಂದನ್ನೂ ಮುಚ್ಚಿಡಲಿಲ್ಲ. ಹೆಂಡತಿಯನ್ನೂ ಅನುಮಾನಿಸಿದ್ದನ್ನು ಹೇಳಿದರು. “ತಪ್ಪಾಯ್ತು ಸಿಕಂದರ್. ನೀನು ಚೊಕ್ಕ ಮನುಷ್ಯ. ಮುಂದಿನ ತಿಂಗಳ ಭಾನುವಾರ ಎಲ್ಲರ ಮುಂದೆ ಎದ್ದು ನಿಂತು ಹೇಳ್ತೀನಿ.”

“ಹೇಳ್ರಿ” ಎಂದ ಸಿಕಂದರ್. ಯಂತ್ರದ ಹಿಂಬದಿಯ ನಾಲ್ಕು ಸ್ಕ್ರೂ ಬಿಚ್ಚಿ, ಒಳಗೆ ಟಾರ್ಚು ಬಿಟ್ಟು ನೋಡಿದ. “ಮೋಟಾರಿನ ಸ್ಪೀಡು ಕಡಿಮೆ ಐತೆ. ಒಂದು ಸಣ್ಣ ತಿರುಪು. ಐದು ನಿಮಿಷದ ಕೆಲಸ. ಇದು ಸರಿ ಆಗ್ತೈತೆ.”

“ನೀನು ಬರ್ತೀಯಲ್ಲ ಭಾನುವಾರ?”

ಅವನು ಟಾರ್ಚು ಆರಿಸಿದ. “ಕರಿಯವ್ವನ ದನಿ ನಿಧಾನ ಹಾಕಿದ್ರೆ ಮುದುಕಿ, ಸರಿಯಾಗಿ ಹಾಕಿದ್ರೆ ಹುಡುಗಿ. ಕಳ್ಳ ಅನ್ನೋ ಮಾತು ಹಂಗಲ್ಲ. ಯಾವ ಸ್ಪೀಡಿನಾಗೆ ಹಾಕಿದ್ರೂ ಅದು ಕಳ್ಳ ಅಂತಾನೇ ಕೇಳ್ತೈತೆ.”

ಸಿಟ್ಟಿನಿಂದ ಬೈದಿದ್ದರೆ ಬಕ್ಕೇಶಪ್ಪನವರು ತಡೆದುಕೊಳ್ಳುತ್ತಿದ್ದರು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

ಸಿಕಂದರ್ ಮೇಜಿನ ಖಾನೆ ಎಳೆದು, ರಿಪೇರಿಗೆ ಬಂದ ಸಾಮಾನಿಗೆ ಕಟ್ಟುವ ಒಂದು ರಟ್ಟಿನ ಚೀಟಿ ತೆಗೆದ. ಅದಕ್ಕೆ ದಾರ ಪೋಣಿಸಿ ಯಂತ್ರದ ಹಿಡಿಗೆ ಕಟ್ಟಿದ. ಪೆನ್ನಿನ ಮುಚ್ಚಳ ತೆಗೆದು, ತಲೆ ಎತ್ತದೆ ಕೇಳಿದ:

“ಹೆಸರು, ಊರು ಹೇಳ್ರಿ ಸಾರ್.”

ಬಕ್ಕೇಶಪ್ಪನವರು ಹಳೆ ಪಂಚೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡರು. ಆಮೇಲೆ ಹೇಳಿದರು. ಅವನು ಬರೆದುಕೊಂಡ.