ಹುಂಜನ ನಡಿಗೆ

ಹಿಮ್ಮಡಿ ನೆಲಕ್ಕೆ ತಾಗಿಸದೆ, ಎದೆ ಮುಂದೆ ಮಾಡಿ, ಮೊಣಕೈ ಮಡಚಿಕೊಂಡು ಆ ವೆಲ್ಡರ್ ತುದಿಗಾಲಲ್ಲಿ ನಡೆಯತೊಡಗಿದಾಗ ಕಾರ್ಖಾನೆಯ ಶೆಡ್ಡಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಂಜ ಅಂತ ಹೆಸರನ್ನೂ ಇಟ್ಟರು. "ಏನಪ್ಪಾ ಹುಂಜ, ಇವತ್ತು ಕೂಗಲೇ ಇಲ್ಲ? ನಮಗಿನ್ನೂ ಬೆಳಗೇ ಆಗಿಲ್ಲ ನೋಡು!" ಅವನೂ ನಗಲು ನೋಡುತ್ತಿದ್ದ. ಆದರೆ ಮುಖ ಬರಬರುತ್ತಾ ಸುಣ್ಣ ಬಳಿದ ಗೋಡೆಯಂತಾಗಿ, ಒಳಗಿನದು ಯಾವುದೂ ಹೊರಗೆ ಕಾಣುತ್ತಿರಲಿಲ್ಲ.

ಹಾಗೆ ನಡೆದವರಲ್ಲಿ ಅವನೇ ಮೊದಲಿಗನೂ ಅಲ್ಲ. ಒಂದೇ ಟ್ಯಾಂಕಿನೊಳಗೆ ಅವನ ಮಗ್ಗುಲಲ್ಲಿ ಕೂತು ವೆಲ್ಡಿಂಗ್ ಮಾಡುತ್ತಿದ್ದ ಜೊತೆಗಾರ ಈಗ ಹಾಸಿಗೆ ಹಿಡಿದಿದ್ದ. ಬಾಯಿಗೆ ಬಿಟ್ಟ ನೀರನ್ನು ನುಂಗು ಅಂತ ಹೆಂಡತಿ ನೆನಪಿಸಬೇಕಿತ್ತು.

ಅವನ ಅಕ್ಕನಿಗೆ ನಗು ಬರಲಿಲ್ಲ. ಅವಳು ಫಿಸಿಯೋಥೆರಪಿಸ್ಟ್, ನಿಂತುಹೋದ ಕಾಲುಗಳನ್ನು ಮತ್ತೆ ನಡೆಸುವುದೇ ಅವಳ ಕೆಲಸ. ಕಬ್ಬಿಣದ ಟ್ಯಾಂಕಿನ ಹೊಟ್ಟೆಯಲ್ಲಿ ಕೂತು ವೆಲ್ಡಿಂಗಿನ ಮ್ಯಾಂಗನೀಸ್ ಹೊಗೆ ಕುಡಿದವರ ಮಿದುಳು ಏನಾಗುತ್ತದೆಂದು ಅವಳಿಗೆ ಗೊತ್ತು. ಹೊಗೆ ಎಳೆಯಲು ಅಲ್ಲಿ ಫ್ಯಾನು ಇರಲಿಲ್ಲವೆಂದಲ್ಲ, ಇತ್ತು. ಕರೆಂಟು ಕೊಟ್ಟಿರಲಿಲ್ಲ, ಅಷ್ಟೆ.

"ಬಿಟ್ಟುಬಿಡೋ ಆ ಹಾಳು ಕೆಲಸಾನ."

"ಬಿಟ್ಟು ನಿನ್ನ ಮನೇಲಿ ಪಾತ್ರೆ ತೊಳೀಲಾ? ನನ್ನ ಕೈ ನೋಡಿದೀಯಲ್ಲ, ಒಂದು ಲೋಟಾನೂ ಉಳಿಯಲ್ಲ ನಿಂಗೆ."

ವರ್ಷದ ಆರೋಗ್ಯ ತಪಾಸಣೆ ಹತ್ತಿರ ಬಂತು. ಅದರಲ್ಲಿ ಫೇಲಾದವರು ಬರಿಗೈಯಲ್ಲಿ ಗೇಟಿನಾಚೆ. ತಮ್ಮನ ಹೆಂಡತಿ ಅಳುತ್ತಾ ಬಂದಳು. "ಅತ್ತಿಗೆ, ಊರವರನ್ನೆಲ್ಲ ನಡೆಸ್ತೀರಿ. ಇವರನ್ನೊಂದು ಸಲ ನಡೆಸಿಬಿಡಿ. ಪಾಸಾಗಲಿ, ಆಮೇಲೆ ಟ್ಯಾಂಕಿನ ಹೊರಗಿನ ಕೆಲಸ ಕೇಳ್ಕೊಳೋಣ."

ಅಕ್ಕ ಒಪ್ಪಿದಳು. ನಡುಮನೆಯ ನೆಲಕ್ಕೆ ಬಿಳಿ ಟೇಪಿನ ಗೆರೆಗಳನ್ನು ಅಂಟಿಸಿ ದಾಟಿಸಿದಳು. ಆಮೇಲೆ ಟೇಪು ಕಿತ್ತು, ಇಲ್ಲದ ಗೆರೆಯನ್ನು ಕಣ್ಣಲ್ಲೇ ಎಳೆದುಕೊಂಡು ದಾಟು ಅಂದಳು. ತಿರುಗುವಾಗ ನಿಂತಲ್ಲೇ ತಿರುಗಬೇಡ, ಗಾಣದೆತ್ತಿನ ಹಾಗೆ ದೊಡ್ಡ ಸುತ್ತು ಹಾಕು. ಹಿಮ್ಮಡಿ ಮೊದಲು ಊರು. ಸಹಿ ಮಾಡುವಾಗ ಅಕ್ಷರ ಇರುವೆಯಷ್ಟಾಗಿ ಕುಗ್ಗದಂತೆ, ಬೋರ್ಡು ಬರೆಯುವವನ ಹಾಗೆ ದಪ್ಪ ಮಾಡು. ಇವೆಲ್ಲ ರೋಗಿಗಳು ತಮ್ಮ ಪಾಡಿಗೆ ತಾವು ಬಚ್ಚಲಿಗೆ ಹೋಗಿಬರಲಿ ಅಂತ ಅವಳು ಕಲಿಸುತ್ತಿದ್ದ ಪಾಠಗಳು. ಅವೇ ಪಾಠಗಳಿಂದ ರೋಗವನ್ನು ಮುಚ್ಚುತ್ತಿದ್ದೇನೆಂದು ಮನಸ್ಸು ಚುಚ್ಚುತ್ತಿತ್ತು. ಹೊರಗಿನ ಕೆಲಸ ಸಿಗಲಿ, ಆಮೇಲೆ ನೋಡೋಣ ಅಂತ ಅದರ ಬಾಯಿ ಮುಚ್ಚಿಸಿದಳು.

ತಪಾಸಣೆಯ ದಿನ ಅವಳೂ ಜೊತೆಗೆ ಹೋದಳು. ಕಾರ್ಖಾನೆಯ ಡಾಕ್ಟರ ಕೋಣೆಯ ಬಾಗಿಲು ತೆರೆದಿತ್ತು, ಹೊರಗೆ ಗೋಡೆಗೆ ಒರಗಿಕೊಂಡು ವೆಲ್ಡರ್‌ಗಳ ಸಾಲು. "ಹುಂಜ ಬಂದ, ಕಾಳು ಹಾಕ್ರೋ!" ಅಂತ ಯಾರೋ ಅಂದರು.

ತಮ್ಮ ನಡೆದ, ಸುತ್ತು ಹಾಕಿದ, ಮೂಗು ಮುಟ್ಟಿದ, ದಪ್ಪಕ್ಷರದಲ್ಲಿ ಸಹಿ ಮಾಡಿದ. ಡಾಕ್ಟರು ಮೊಹರು ಒತ್ತಿದರು. ಜೇನು ಸುರಿಯುವ ದನಿ ಅವರದು.

"ಸಂತೋಷ ಕಣಪ್ಪ. ನಿನ್ನ ಜೊತೆಗಾರ, ಹೊಗೆಯಿಂದಲೇ ಹೀಗಾಯ್ತು ಅಂತ ಕೇಸು ಹಾಕಿದಾನೆ. ಅವನ ಪಕ್ಕದಲ್ಲೇ ಕೂತವನು ನೀನು, ಗುಂಡುಕಲ್ಲಿನ ಹಾಗಿದೀಯ. ಕೋರ್ಟಿಗೆ ಇನ್ನೇನು ಬೇಕು?"

"ಇವನಿಗೆ ಹೊರಗಿನ ಕೆಲಸ..." ಅಕ್ಕ ಬಾಯಿ ತೆರೆದಳು.

"ಫಿಟ್ ಇದಾನಲ್ಲಮ್ಮ, ಹೊರಗ್ಯಾಕೆ? ನಾಳೆಯಿಂದ ದೊಡ್ಡ ಟ್ಯಾಂಕಿಗೆ ಇಳೀಲಿ." ಡಾಕ್ಟರು ಮುಂದಕ್ಕೆ ಬಾಗಿ ದನಿ ತಗ್ಗಿಸಿದರು. "ಚೆನ್ನಾಗಿ ತಯಾರು ಮಾಡಿದೀರಿ. ಹೊರಗೆ ನಿಂತಿದಾರಲ್ಲ, ಇವರಿಗೂ ಹೀಗೇ ಕಲಿಸ್ತೀರಾ? ಇಲ್ಲೇ ಒಂದು ರೂಮು ಕೊಡಿಸ್ತೀನಿ."

ಅವಳಿಗೆ ಹೊಳೆಯಿತು. ಈ ಮನುಷ್ಯನಿಗೆ ಎಲ್ಲ ಗೊತ್ತು. ಇಂಥ ನಡಿಗೆಯವರನ್ನು ನೋಡುವ ಯಾವ ಡಾಕ್ಟರೂ ಹಿಂದೆ ನಿಂತು, ಎರಡೂ ಭುಜ ಹಿಡಿದು ಒಮ್ಮೆ ಎಳೆಯದೆ ಬಿಡುವುದಿಲ್ಲ. ಗಟ್ಟಿಯಿದ್ದವರು ಒಂದೆರಡು ಹೆಜ್ಜೆ ಹಿಂದಿಟ್ಟು ಸಾವರಿಸಿಕೊಳ್ಳುತ್ತಾರೆ. ಈ ರೋಗ ಹಿಡಿದವರು ನೇರ ಬೀಳುತ್ತಾರೆ. ಯಾವ ಪಾಠಕ್ಕೂ ಬಗ್ಗದ ಆ ಒಂದು ಪರೀಕ್ಷೆಯನ್ನು ಈತ ಬೇಕೆಂದೇ ಬಿಟ್ಟಿದ್ದ.

ನಾಳೆ ತಮ್ಮ ಟ್ಯಾಂಕಿಗಿಳಿಯುತ್ತಾನೆ, ಜೊತೆಗಾರನ ಕೇಸು ಬೀಳುತ್ತದೆ, ಎರಡಕ್ಕೂ ತನ್ನ ಕೈಗುಣವೇ ಸಾಕ್ಷಿ.

ಹೊಸ್ತಿಲ ಬಳಿ ಹೋಗಿದ್ದ ತಮ್ಮನ ಬೆನ್ನಿಗೆ ಬಂದು ಅವಳು ನಿಂತಳು.

"ಹೆದರ್ಬೇಡ, ಹಿಂದೆ ನಾನಿದೀನಿ," ಎಂದವಳೇ ಭುಜ ಹಿಡಿದು ಎಳೆದಳು.

ಅವನು ಒಂದು ಹೆಜ್ಜೆಯನ್ನೂ ಹಿಂದಿಡಲಿಲ್ಲ. ಕಡಿದ ಮರದಂತೆ ಇಡೀ ಮೈ ಅವಳ ಮೇಲೆ ಬಂತು. ಇಬ್ಬರೂ ನೆಲಕ್ಕೆ ಬಿದ್ದರು. "ಯಾಕಕ್ಕಾ? ಪಾಸಾಗಿದ್ನಲ್ಲ!" ದನಿ ಮುರಿದಿತ್ತು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಡಾಕ್ಟರು ಮೇಜಿನಿಂದ ತಲೆ ಎತ್ತಲಿಲ್ಲ. "ನೆಲ ಈಗಷ್ಟೇ ಒರೆಸಿದಾರೆ, ಜಾರಿರಬೇಕು. ಮುಂದಿನವರು ಬನ್ನಿ."

ಯಾರೂ ಬರಲಿಲ್ಲ, ಯಾರೂ ನಗಲಿಲ್ಲ. ಕಾಳು ಹಾಕ್ರೋ ಅಂದಿದ್ದವನು ಪಕ್ಕದವನಿಗೆ ಬೆನ್ನು ಕೊಟ್ಟು ನಿಂತ. "ನನ್ನನ್ನೂ ಎಳಿ ನೋಡೋಣ."

"ಸುಮ್ನಿರೋ ಮಾರಾಯ."

"ಎಳೀ ಅಂದ್ನಲ್ಲ!"

ಪಕ್ಕದವನು ಎಳೆದ. ಅವನು ಹಾಗೇ ಬಂದ, ನೇರವಾಗಿ, ಹಿಂದಿದ್ದವನು ಹಿಡಿಯದಿದ್ದರೆ ತಲೆ ಒಡೆಯುತ್ತಿತ್ತು. ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅವರಾಚೆ ನಿಂತಿದ್ದವನೂ ಬೆನ್ನು ತಿರುಗಿಸಿದ.

ಡಾಕ್ಟರು ಎದ್ದು ಬಂದು, ಅಕ್ಕತಮ್ಮಂದಿರ ಕಾಲನ್ನು ಬೂಟಿನಿಂದ ಹೊಸ್ತಿಲಾಚೆ ಸರಿಸಿ, ಬಾಗಿಲು ಹಾಕಿಕೊಂಡರು. ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು, ಹಿಂದೆಯೇ ಫೋನಿನಲ್ಲಿ ಯಾರನ್ನೋ ಬೇಗ ಬನ್ನಿ ಎಂದು ಕರೆಯುವ ಅದೇ ಜೇನುದನಿ.

"ಒಬ್ಬೊಬ್ಬರಾಗಿ ಬನ್ನಿ," ಅಕ್ಕ ಸೊಂಟ ಹಿಡಿದುಕೊಂಡು ಎದ್ದಳು, "ಹಿಂದೆ ಇಬ್ಬರು ನಿಂತ್ಕೊಳಿ."