ಏಳನೇ ಕೋಣೆಗೆ ಒಂದು ಪ್ರಶ್ನೆ

"ಈ ಅಂಗಿ ಯಾರದ್ದು ಸಾರ್?"

ಇಸ್ತ್ರಿ ಅಕ್ಕ ಕೇಳಿದಾಗ ವಾರ್ಡರ್ ಜೈಲಿನ ಬಟ್ಟೆ ಒಗೆಯುವ ಕೋಣೆಯ ಬಾಗಿಲಲ್ಲಿ ನಿಂತು ಗಂಟುಗಳಿಗೆ ಚೀಟಿ ಕಟ್ಟುತ್ತಿದ್ದ. ಅವಳ ಕೈಯಲ್ಲಿ ಬೂದುಬಣ್ಣದ ಅಂಗಿ. ಕಾಲರಿನ ಒಳಗೆ ಕೆಂಪು ದಾರದಲ್ಲಿ ಏಳು ಎಂದು ಹೊಲಿದಿತ್ತು.

"ಏಳನೇ ಕೋಣೇದು. ಯಾಕೆ, ಗುಂಡಿ ಕಿತ್ತೋಗಿದ್ಯಾ?"

"ಗುಂಡಿ ಎಲ್ಲಾ ಸರಿಯಾಗಿದೆ. ಏಳರಲ್ಲಿ ಇರೋದು ಯಾರು ಅಂತ ಕೇಳ್ದೆ."

ವಾರ್ಡರ್ ಇನ್ನೊಂದು ಗಂಟಿಗೆ ಚೀಟಿ ಕಟ್ಟಿದ. ಅವಳು ಗೊತ್ತಿದ್ದೇ ಕೇಳುತ್ತಿದ್ದಾಳೆ ಎಂದು ಅವನಿಗೂ ಗೊತ್ತಿತ್ತು.

ಪಕ್ಕದ ದೇಶದ ಯುದ್ಧ ಮುಗಿದು ಒಂಬತ್ತು ವರ್ಷವಾಗಿತ್ತು. ಊರೂರುಗಳ ಜನರನ್ನು ಕೊಲ್ಲಿಸಿದ್ದಕ್ಕೆ ಅಲ್ಲಿನ ಕರ್ನಲ್ ಒಬ್ಬನಿಗೆ ಅಂತರರಾಷ್ಟ್ರೀಯ ನ್ಯಾಯಾಲಯ ಇಪ್ಪತ್ತು ವರ್ಷ ಶಿಕ್ಷೆ ಕೊಟ್ಟಿತ್ತು. ಶಿಕ್ಷೆ ಕೊಟ್ಟ ನ್ಯಾಯಾಲಯಕ್ಕೆ ಇಷ್ಟು ದೀರ್ಘ ಕಾಲ ಕೈದಿಯನ್ನು ಇಟ್ಟುಕೊಳ್ಳುವ ಜೈಲು ಇರಲಿಲ್ಲ. ನಾವಿದ್ದೇವೆ ಎಂದು ಈ ಸರ್ಕಾರ ಮುಂದೆ ಬಂತು. "ನ್ಯಾಯದ ವಿಷಯದಲ್ಲಿ ನಮ್ಮ ದೇಶ ಬರೀ ಬಾಯಿಮಾತಿನದ್ದಲ್ಲ" ಎಂದು ಮಂತ್ರಿಗಳು ಟೀವಿಯಲ್ಲಿ ಹೇಳಿದರು. ಏಳನೇ ಕೋಣೆಗೆ ಸುಣ್ಣಬಣ್ಣವಾಯಿತು, ಹೊಸ ಮಂಚ ಬಂತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಂದೂ ಕಪ್ಪುಚುಕ್ಕೆ ಇಲ್ಲದ ವಾರ್ಡರನ್ನು ಅದರ ಕಾವಲಿಗೆ ಹಾಕಿದರು. ಮೊಕದ್ದಮೆಯ ವಿಷಯವನ್ನು ಕೈದಿಯೊಂದಿಗೆ ಯಾರೂ ಎತ್ತಕೂಡದು ಎಂಬುದು ಮೊದಲ ನಿಯಮ.

ಇಸ್ತ್ರಿ ಅಕ್ಕ ಅದೇ ಯುದ್ಧದಲ್ಲಿ ಮಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಗಡಿ ದಾಟಿ ಬಂದವಳು. ಎರಡೂ ಕಡೆ ಮಾತು ಒಂದೇ, ರಾಗ ಮಾತ್ರ ಸ್ವಲ್ಪ ಬೇರೆ. ಎಂಟು ವರ್ಷದಿಂದ ಜೈಲಿನ ಬಟ್ಟೆಗಳಿಗೆಲ್ಲ ಅವಳದೇ ಇಸ್ತ್ರಿ.

"ನಂಗೆ ಅವನ ಮುಖ ನೋಡೋದು ಬೇಡ, ಬೈಯೋದೂ ಬೇಡ," ಎಂದಳು. "ಒಂದು ಮಾತು ಕೇಳಿ ಹೇಳಿ ಸಾರ್. ನಮ್ಮ ಯಜಮಾನ್ರು ಬಸ್ ಓಡಿಸ್ತಿದ್ರು. ಸೇತುವೆ ಹತ್ರ ಇವನ ಕಡೆಯೋರು ಬಸ್ ನಿಲ್ಲಿಸಿ, ಅವ್ರನ್ನೂ ಸೇರಿಸಿ ಹನ್ನೆರಡು ಜನಾನ ಲಾರಿಗೆ ಹತ್ತಿಸಿದ್ರಂತೆ. ಎಲ್ಲಿ ಹಾಕಿದ್ರು?"

"ಕೋರ್ಟಲ್ಲಿ ಬರ್ಲಿಲ್ವಾ?"

"ಬೇರೆ ಊರುಗಳದ್ದು ಬಂತು. ಈ ಹನ್ನೆರಡು ಜನರ ಸುದ್ದಿ ಯಾರೂ ಎತ್ತಲಿಲ್ಲ. ಹೊಳೆ ಕಡೆ ಹೋಯ್ತು ಲಾರಿ ಅಂತ ಹೊಳೆದಡ ಎಲ್ಲಾ ಅಗೆದ್ವಿ."

"ಅರ್ಜಿ ಬರೀರಿ ಅಕ್ಕ, ನಾನೇ ಮೇಲಕ್ಕೆ ಕಳಿಸ್ತೀನಿ."

"ಮೂರು ಸಲ ಬರ್ದೆ. ತಲುಪಿದೆ ಅಂತ ಮೂರು ಸಲಾನೂ ಉತ್ತರ ಬಂತು."

ಹಾಗೆಂದವಳು ಅಂಗಿಯನ್ನು ಹಲಗೆಯ ಮೇಲೆ ಹರವಿ, ನೀರು ಚಿಮುಕಿಸಿ, ತೋಳಿನ ಸುಕ್ಕು ಬಿಡಿಸಿ ಇಸ್ತ್ರಿ ಹಾಕಿದಳು. ಮಡಚಿ ಅವನ ಕೈಗಿಟ್ಟಳು. ಅಂಗಿ ಇನ್ನೂ ಬಿಸಿಯಾಗಿತ್ತು.

ವಾರ್ಡರ್ ಇದನ್ನು ಜೈಲಿನ ಸೂಪರಿಂಟೆಂಡೆಂಟರ ಕಿವಿಗೆ ಹಾಕಿದರೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಲೆ ನೆಟ್ಟಗಿದ್ಯೇನ್ರೀ? ಮುಂದಿನ ತಿಂಗಳು ಆ ನ್ಯಾಯಾಲಯದ ಪರಿವೀಕ್ಷಕರು ಬರ್ತಿದ್ದಾರೆ. ಕೈದಿ ಒಂದು ದೂರು ಕೊಟ್ರೂ ಮಂತ್ರಿಗಳ ಮಾನ ಹೋಗುತ್ತೆ, ನಮ್ಮ ನೌಕರಿ ಹೋಗುತ್ತೆ. ಊಟ ಕೊಡಿ, ಬೀಗ ಹಾಕಿ. ಅಷ್ಟೇ."

ಅಂದಿನಿಂದ ವಾರ್ಡರನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕೀಲಿಗೊಂಚಲು ಸೊಂಟದಲ್ಲೇ ಇದ್ದರೂ ಹತ್ತು ಸಲ ಮುಟ್ಟಿ ನೋಡಿಕೊಳ್ಳುತ್ತಿದ್ದ. ಮನೆಯಲ್ಲಿ ಊಟಕ್ಕೆ ಕೂತವನು ಎದ್ದು ಕಿಟಕಿ ಮುಚ್ಚಿದ, ಮತ್ತೆ ಎದ್ದು ತೆರೆದ.

"ರೀ, ಮನೆ ತುಂಬಾ ಹೀಗೆ ಸುತ್ತುತಾ ಇದ್ರೆ ನಿಮ್ಮ ಕಾವಲಿಗೆ ನಾನು ಯಾರನ್ನ ಇಡ್ಲಿ?" ಎಂದಳು ಹೆಂಡತಿ. ಅವನು ಹೇಳಿಕೊಂಡ. ಅವಳು ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. "ನಾನಾಗಿದ್ರೆ ಆ ಅಂಗಿ ಸುಟ್ಟು ಹಾಕ್ತಿದ್ದೆ," ಎಂದಳು.

ಕರ್ನಲ್ ಒರಟನಾಗಿದ್ದರೆ ಕೆಲಸ ಸುಲಭವಾಗುತ್ತಿತ್ತು. ಆತ ಎಲ್ಲರಿಗೂ "ತಾವು" ಎನ್ನುತ್ತಿದ್ದ, ಹಾಸಿಗೆಯನ್ನು ತಾನೇ ಮಡಚುತ್ತಿದ್ದ. ಯಾರಾದರೂ ತಪ್ಪು ಹೇಳಿದರೆ ಮಾತ್ರ ಅವನಿಗೆ ಸಹಿಸಲಾಗುತ್ತಿರಲಿಲ್ಲ. ಅಡುಗೆಯವನು ಮಂಗಳವಾರವನ್ನು ಬುಧವಾರ ಎಂದರೂ ತಿದ್ದುವನು. ಸಿಬ್ಬಂದಿಯೆಲ್ಲ ಬೆನ್ನ ಹಿಂದೆ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು.

ಮೂರು ಬೆಳಗು ವಾರ್ಡರನ ಬಾಯಿ ತೆರೆಯಲಿಲ್ಲ. ನಾಲ್ಕನೆಯ ಬೆಳಗು ಅಂಗಳದಲ್ಲಿ ಕರ್ನಲ್ ಕೈ ಹಿಂದೆ ಕಟ್ಟಿಕೊಂಡು ಸುತ್ತು ಹಾಕುತ್ತಿದ್ದ. ವಾರ್ಡರ್ ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದ.

"ಸೇತುವೆ ಹತ್ರ ಬಸ್ಸಿಂದ ಇಳಿಸಿ ಲಾರಿಗೆ ಹತ್ತಿಸಿದ್ರಲ್ಲ, ಆ ಹನ್ನೆರಡು ಜನ..." ಎಂದ ವಾರ್ಡರ್. "ಅವ್ರನ್ನ ಎಲ್ಲಿ ಹಾಕಿದ್ರಿ?"

ಕರ್ನಲ್ ನಿಲ್ಲಲಿಲ್ಲ. "ಹದಿಮೂರು," ಎಂದ. "ಇಟ್ಟಿಗೆ ಗೂಡಿನ ಹತ್ರ ಇನ್ನೊಬ್ಬನನ್ನ ಹತ್ತಿಸಿಕೊಂಡಿದ್ದು."

ಮುಂದಿನ ಹೆಜ್ಜೆಗೆ ಅವನ ಕಾಲು ತಡವರಿಸಿತು. ತಿರುಗಿ ವಾರ್ಡರನ ಮುಖ ನೋಡಿದ. "ತಾವು ಕೇಳಿದ್ದು ನಿಯಮಕ್ಕೆ ವಿರುದ್ಧ. ನಾನು ಏನೂ ಹೇಳಿಲ್ಲ. ಇದನ್ನ ಇಲ್ಲಿಗೇ ಬಿಟ್ರೆ ತಮಗೂ ಕ್ಷೇಮ." ಉಳಿದ ಸುತ್ತುಗಳನ್ನು ಮುಗಿಸದೆ ಕೋಣೆಗೆ ಹೋಗಿ ಕೂತ.

ಅದೇ ಮಧ್ಯಾಹ್ನ ವಾರ್ಡರ್ ವರದಿ ಬರೆದ. ಮೊದಲ ಸಾಲು: ನಿಯಮ ಮುರಿದು ಪ್ರಶ್ನೆ ಕೇಳಿದವನು ನಾನು. ಸೂಪರಿಂಟೆಂಡೆಂಟರು ಓದಿ ಬಾಗಿಲು ಹಾಕಿಸಿದರು.

"ಇದನ್ನ ಹರಿದು ಹಾಕಿ. ನಾನೂ ನೋಡಿಲ್ಲ, ನೀವೂ ಬರ್ದಿಲ್ಲ. ಆಯಮ್ಮನಿಗೆ ಹೇಳೋದಿದ್ರೆ ಬಾಯಲ್ಲಿ ಹೇಳ್ಕೊಳ್ಳಿ."

"ಬಾಯಲ್ಲಿ ಹೇಳಿದ್ರೆ ಅಗೆಯೋಕೆ ಯಾರೂ ಬರಲ್ಲ ಸಾರ್."

"ನಿಮ್ಮ ಗತಿ?"

ವಾರ್ಡರ್ ವರದಿಯನ್ನು ಮೇಜಿನಿಂದ ತೆಗೆದುಕೊಂಡ. ಹರಿಯಲಿಲ್ಲ. ಪರಿವೀಕ್ಷಕರು ಬಂದ ದಿನ, ಅವರಲ್ಲಿ ಕೋಣೆಯ ಕಿಟಕಿಯ ಅಳತೆ ಬರೆದುಕೊಳ್ಳುತ್ತಿದ್ದ ಹೆಂಗಸಿನ ಕೈಗೆ ಅದರ ಪ್ರತಿಯನ್ನು ಕೊಟ್ಟ.

ಅವನನ್ನು ಎರಡು ತಿಂಗಳು ಅಮಾನತಿನಲ್ಲಿಟ್ಟರು. ತನಿಖೆಯವರು ಬಂದು ಎರಡು ದಿನ ಕೂರಿಸಿಕೊಂಡು, ಅದೇ ಪ್ರಶ್ನೆಯನ್ನು ಮುಂದಿನಿಂದಲೂ ಹಿಂದಿನಿಂದಲೂ ಕೇಳಿದರು. ಇವನು ಕಟ್ಟುಕತೆ ಹೇಳುತ್ತಿದ್ದಾನೆ ಎಂದರು ಕರ್ನಲ್‌ನ ವಕೀಲರು. ಆದರೆ ಇಟ್ಟಿಗೆ ಗೂಡಿನ ಕೂಲಿಯವನೊಬ್ಬ ಅದೇ ದಿನ ಕಾಣೆಯಾಗಿದ್ದ. ಅವನ ತಾಯಿ ಕೊಟ್ಟ ದೂರು ಬೇರೊಂದು ಠಾಣೆಯಲ್ಲಿ, ಬೇರೊಂದು ಕಡತದಲ್ಲಿ ಮಲಗಿತ್ತು. ಗೂಡು ಇದ್ದದ್ದು ಹೊಳೆಗೆ ತೀರಾ ವಿರುದ್ಧ ದಿಕ್ಕಿನಲ್ಲಿ.

ಅಮಾನತು ಮುಗಿದ ಮೇಲೆ ಹೆಗಲ ಪಟ್ಟಿ ಕಿತ್ತುಕೊಂಡು ಅವನನ್ನು ಹೊರಬಾಗಿಲಿಗೆ ಹಾಕಿದರು. ಕೈದಿಗಳನ್ನು ನೋಡಲು ಬಂದವರ ಚೀಲ ಬಿಚ್ಚಿ ನೋಡುವ ಕೆಲಸ. ಇಸ್ತ್ರಿ ಅಕ್ಕ ರಜೆ ಹಾಕಿ ಮಗಳೊಂದಿಗೆ ಗಡಿಯಾಚೆ ಹೊರಟ ದಿನ ಆ ಬಾಗಿಲಿನಲ್ಲೇ ನಿಂತಳು. "ಗೂಡಿನ ಹತ್ರ ಅಗೀತಾರಂತೆ, ಮಳೆ ಬರೋದ್ರೊಳಗೆ ಮುಗಿಸ್ತಾರಂತೆ," ಎಂದು ಹೇಳಿ ಹೋದಳು.

ಎಂಟು ದಿನ ಸುದ್ದಿಯಿಲ್ಲ. ಚೀಲ ಬಿಚ್ಚುವಾಗ ಅವನು ಒಂದನ್ನೇ ಎರಡು ಸಲ ನೋಡುತ್ತಿದ್ದ, ಇನ್ನೊಂದನ್ನು ನೋಡದೆ ಬಿಡುತ್ತಿದ್ದ. ಒಂಬತ್ತನೆಯ ದಿನ ಮಧ್ಯಾಹ್ನ ಸಾಲು ಬಿಸಿಲಿನಲ್ಲಿ ನಿಂತಿದ್ದಾಗ ಫೋನ್ ಬಂತು.

"ಗೂಡಿನ ಹಿಂದೆ ಹಾಳುಬಾವಿ ಇದೆ ಸಾರ್," ಎಂದಳು ಇಸ್ತ್ರಿ ಅಕ್ಕ. "ನೀರು ಎತ್ತುತಿದ್ದಾರೆ. ಬೆಳಿಗ್ಗೆಯಿಂದ."

"ಎಷ್ಟು ಇಳೀತು?"

ಅವಳು ಫೋನನ್ನು ಬಾವಿಯ ಕಡೆಗೆ ಹಿಡಿದಳೋ ಏನೋ, ಪಂಪಿನ ಸದ್ದು ಜೋರಾಯಿತು. ಕಲ್ಲಿನ ಮೇಲೆ ನೀರು ಧೋ ಎಂದು ಬೀಳುತ್ತಿತ್ತು. ಸಾಲಿನ ಮುಂದಿದ್ದ ಮುದುಕಿ ಚೀಲದ ಬಾಯಿ ಬಿಚ್ಚಿ ಹಿಡಿದು ಕಾಯುತ್ತಿದ್ದಳು. ಅವನು ಒಂದು ಕೈ ಎತ್ತಿ ಸ್ವಲ್ಪ ತಾಳಿ ಎಂದು ಸನ್ನೆ ಮಾಡಿದ. ಆ ಕಡೆ ನೀರಿನ ಸದ್ದು ತೆಳುವಾಯಿತು, ಪಂಪು ಗೊರಗೊರ ಎಂದು ಗಾಳಿ ಎಳೆಯತೊಡಗಿತು. ಆಮೇಲೆ ಯಾರೋ ಅದನ್ನು ನಿಲ್ಲಿಸಿದರು.