ಹೊಸ್ತಿಲಿನ ಅಳತೆ

ಸೂಜಿ ನಿಂತರೂ ಟಕಟಕ ನಿಲ್ಲಲಿಲ್ಲ, ಅಂದರೆ ಅದು ಹೊಲಿಗೆ ಯಂತ್ರದ್ದಲ್ಲ, ಕಿಟಕಿಯ ಗಾಜಿನಲ್ಲಿ ತನ್ನನ್ನೇ ನೋಡಿಕೊಂಡು ಕುಕ್ಕುತ್ತಿರುವ ಗುಬ್ಬಿಯದು, ದಿನವೂ ಇದೇ ಹೊತ್ತಿಗೆ ಬಂದು ತನ್ನ ಜೊತೆ ತಾನೇ ಕಾಲು ಕೆರೆದು ಜಗಳ ತೆಗೆಯುತ್ತದೆ, ಕುಕ್ಕು ತಾಯಿ ಕುಕ್ಕು, ಮಗಳ ಪಟ್ಟಿಯಲ್ಲಿ ನಿನ್ನದು ಎರಡನೇ ಹೆಸರು, ಮೊದಲನೆಯದು ಕಾಗೆ, ಎರಡು ವರ್ಷದಿಂದ ಇದೊಂದೇ ಕಿಟಕಿಯ ಮುಂದೆ ಗಾಲಿಕುರ್ಚಿ ನಿಲ್ಲಿಸಿಕೊಂಡು ಅವಳು ಬರೆದಿರುವುದು ಹನ್ನೊಂದು ಹಕ್ಕಿ, ಇನ್ನು ಎಂಟು ದಿನ ಕಳೆದರೆ ಬೆಟ್ಟ, ಎಂಟೇ ದಿನ, ನೆನೆದರೆ ಸಾಕು ಕಾಲು ತಾನಾಗಿ ಪೆಡಲ್ ತುಳಿಯುತ್ತದೆ — ಅಯ್ಯೋ, ಯಾರದೋ ಪ್ಯಾಂಟಿನ ಅಂಚು ಸೊಟ್ಟಗೆ ಓಡಿತು, ಬಿಚ್ಚಬೇಕು, ಬಿಚ್ಚಿದರಾಯಿತು, ಇವತ್ತು ಯಾವುದೂ ಬೇಸರವಿಲ್ಲ, ಬೇಸರವಿರುವುದು ಒಂದೇ, ಆ ನಾಲ್ಕು ಬೆರಳು. ನಾಲ್ಕು ಬೆರಳು ಎತ್ತರ ಇರಬೋದು ಮೇಡಂ, ಅಂದಿದ್ದ ಬೆಳಿಗ್ಗೆ ಫೋನಿನಲ್ಲಿ ಬೆಟ್ಟದ ಮೇಲಿನ ತಂಗುಮನೆಯವನು, ಅದಕ್ಕೂ ಮುಂಚೆ ಮೆಟ್ಟಿಲೇ ಇಲ್ಲ, ಒಂದೂ ಇಲ್ಲ, ನೆಲದ ಮಟ್ಟಕ್ಕೇ ರೂಮು ಎಂದು ಎದೆ ತಟ್ಟಿಕೊಂಡು ಹೇಳಿದ್ದ, ಹೊಸ್ತಿಲು ಇದೆಯಾ ಎಂದು ಇವಳು ಕೇಳಿದಾಗ, ಹೊಸ್ತಿಲೂ ಲೆಕ್ಕಕ್ಕೆ ಬರುತ್ತಾ ಮೇಡಂ, ಎಂದ, ಪಾಪ, ದಾಟುವವರಿಗೆ ಅದು ಎಲ್ಲಿ ಕಾಣುತ್ತದೆ.

ಅದಕ್ಕೇನಂತೆ, ಮಗು ತಾನೇ, ಎತ್ತಿ ಒಳಗಿಟ್ಟರಾಯ್ತು, ನಾವಿಲ್ವಾ — ಎಲ್ಲರೂ ಇದನ್ನೇ ಹೇಳುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಹೋದ ವರ್ಷ ಕೆರೆಯ ದಂಡೆಯಲ್ಲಿ ಹೀಗೇ ಒಳ್ಳೆಯ ಮನಸ್ಸಿನ ನಾಲ್ಕು ಜನ ಕುರ್ಚಿಯನ್ನು ಬೀರು ಸಾಗಿಸುವ ಹಾಗೆ ಎತ್ತಿದ್ದರು, ಆ ಕಡೆ ಹಿಡಿ, ಸ್ವಲ್ಪ ಓರೆ ಮಾಡು, ಹೆದರಬೇಡ ಪುಟ್ಟ, ಗುಂಡಿ ಹೆದರಿರಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದಳು ಅಷ್ಟೆ, ಕೆರೆ ತುಂಬ ಹಕ್ಕಿ, ಮನೆಗೆ ಬಂದು ಪಟ್ಟಿಯಲ್ಲಿ ಒಂದನ್ನೂ ಬರೆಯಲಿಲ್ಲ. ಗುಂಡಿ ಎಂದರೆ ಹಳ್ಳವಲ್ಲ, ಅಂಗಿಯ ಗುಂಡಿ, ಮೂರು ವರ್ಷದವಳಿದ್ದಾಗ ಇದೇ ಮೇಜಿನ ಕೆಳಗೆ ಕುಳಿತು ಬಣ್ಣಬಣ್ಣದ ಗುಂಡಿಗಳನ್ನು ಬೇರೆ ಮಾಡುತ್ತಾ ಒಂದನ್ನು ನುಂಗಿಯೇಬಿಟ್ಟವಳು, ಈಗ ಹನ್ನೆರಡು, ಅಮ್ಮ ನಾನು ಬರ್ತೀನಿ, ಆದ್ರೆ ಯಾರೂ ನನ್ನ ಎತ್ತಬಾರ್ದು, ಎತ್ತೋ ಹಾಗಿದ್ರೆ ನಾನು ಬರಲ್ಲ, ಆಯ್ತು ಕಣೇ, ಯಾರೂ ಎತ್ತಲ್ಲ, ನೀನೂ ಎತ್ತಬಾರ್ದು ಅಮ್ಮ. ನೀನೂ. ಎತ್ತಿದಾಗೆಲ್ಲ ಅವಳ ನಾಲ್ಕು ಬೆರಳು ಇವಳ ಕತ್ತಿನ ಹಿಂದೆ ರವಿಕೆಯೊಳಗೆ ಇಳಿದು ಕೊಕ್ಕೆಯ ಹಾಗೆ ಹಿಡಿಯುತ್ತಿದ್ದವು, ಮಂಜಿನಷ್ಟು ತಣ್ಣಗೆ, ಈಗ ಅದೇ ಜಾಗದಲ್ಲಿ ಅಳತೆ ಟೇಪು — ಅಳತೆ, ಹೌದು, ನಾಲ್ಕು ಬೆರಳು ಎಂದರೆ ಯಾರ ಬೆರಳು, ಇಲ್ಲೇ ಇರುವುದು ಗುಟ್ಟು, ಟೇಪು ಎಳೆದು ನೋಡಿದರೆ ತನ್ನ ನಾಲ್ಕು ಬೆರಳು ಎರಡೂವರೆ ಇಂಚು, ಅವನು ಮರ ಕಡಿಯುವವನೋ ಮೂಟೆ ಹೊರುವವನೋ ಆಗಿದ್ದರೆ ಮೂರೂವರೆ, ಆ ಒಂದು ಇಂಚಿನಲ್ಲಿ ಇಡೀ ಬೆಟ್ಟ ಸಿಕ್ಕಿಕೊಂಡಿದೆ, ನಿಮ್ಮ ಬೆರಳು ಎಷ್ಟು ದಪ್ಪ ಎಂದು ಗಂಡಸನ್ನು ಕೇಳುವುದು ಹೇಗೆ, ಕೇಳಿಯೇಬಿಟ್ಟಿದ್ದಳು, ಅವನು ನಕ್ಕಿದ್ದ, ಈವರೆಗೆ ಯಾರೂ ಕೇಳಿರ್ಲಿಲ್ಲ ಮೇಡಂ, ಹೊಸ್ತಿಲಿಗೆ ಕೈ ಇಟ್ಟು ಫೋಟೋ ಕಳಿಸ್ತೀನಿ, ಇಲ್ಲಿ ಸಿಗ್ನಲ್ ಬಂದ್ರೆ ಬಂತು, ಆದ್ರೆ ಮೂರು ಗಂಟೆಗೆ ಹೂಂ ಉಹೂಂ ಹೇಳ್ಬಿಡಿ, ಕೆಳಗಿರೋದು ಒಂದೇ ರೂಮು, ಇನ್ನೊಬ್ರು ಕಾಯ್ತಾ ಇದಾರೆ. ಎರಡೂ ಕಾಲಾಯಿತು, ಫೋಟೋ ಇಲ್ಲ.

ಹಾಗಾದರೆ ಮೂರೂವರೆ ಎಂದೇ ಇಟ್ಟುಕೊಳ್ಳೋಣ, ಎದ್ದಳು, ಅಳತೆ ಪುಸ್ತಕಗಳನ್ನು ನಡುಕೋಣೆಯ ಬಾಗಿಲಿಗೆ ಅಡ್ಡ ಜೋಡಿಸಿದಳು, ಮೇಲೊಂದು ಫ್ಯಾಷನ್ ಪತ್ರಿಕೆ, ಮೂರೂವರೆಗೆ ಸರಿಯಾಗಿ ಬಂತು, ಅದಕ್ಕೆ ಇಸ್ತ್ರಿಯ ಹಲಗೆ ಒರಗಿಸಿದಳು, ನಾಲ್ಕು ಅಡಿಯ ಹಲಗೆ, ಎರಡು ಗಾಲಿಗೂ ಸಾಕಾಗುವಷ್ಟು ಅಗಲ, ಬಸ್ಸಿನ ಸೀಟಿನ ಕೆಳಗೆ ಹಿಡಿಸುತ್ತದೆ, ರಜ ನಾನು ಗಿಟ್ಟಿಸಿದೀನಿ, ಬಾಗಿಲು ನೀನು ನೋಡ್ಕೋ ಅಂದಿದ್ದಾರೆ ಗಂಡ, ನೋಡಿಕೊಳ್ಳುತ್ತಿದ್ದೇನೆ ಸ್ವಾಮಿ, ಮೂಲೆಯಲ್ಲಿ ಬಟ್ಟೆ ಗಂಟುಗಳನ್ನು ಹೊತ್ತು ಕುಳಿತಿದ್ದ, ಗುಂಡಿಯ ಹಳೆಯ ಗಾಲಿಕುರ್ಚಿಯನ್ನು ಖಾಲಿ ಮಾಡಿದಳು, ಖಾಲಿ ಕುರ್ಚಿ ಹತ್ತಿದರೆ ಏನು ಬಂತು, ಭಾರ ಬೇಕು, ತಾನೇ ಕುಳಿತಳು, ಸೊಂಟ ಕುರ್ಚಿಯ ಎರಡು ಕೈಗಳ ನಡುವೆ ಬಿರಡೆಯ ಹಾಗೆ ಸಿಕ್ಕಿಕೊಂಡಿತು, ಈಗ ಗಿರಾಕಿ ಯಾರಾದರೂ ಬಂದರೆ ಮಾನ ಹೋಯಿತು, ತಳ್ಳಿದಳು, ಗಾಲಿ ಹಲಗೆಯನ್ನು ಮುಟ್ಟಿ ಹಿಂದಕ್ಕೆ ಜಾರಿತು, ಇನ್ನೊಮ್ಮೆ, ಅರ್ಧ ಹತ್ತಿ ನಿಂತಿತು, ಅಂಗೈ ಉರಿಯುತ್ತಿದೆ, ಇಷ್ಟು ಕಷ್ಟವಾ ಇದು, ಇಷ್ಟು ವರ್ಷದಲ್ಲಿ ಒಂದು ದಿನವೂ ಈ ಕುರ್ಚಿಯಲ್ಲಿ ಕೂತು ನೋಡಲಿಲ್ಲವಲ್ಲ, ಎತ್ತುವುದೊಂದೇ ಗೊತ್ತಿತ್ತು, ಎತ್ತಿದರೆ ಮುಗಿಯಿತು ಅಂದುಕೊಂಡಿದ್ದೆ, ನೀನು ಮುಂದಕ್ಕೆ ಬಾಗಬೇಕು ಅಮ್ಮ, ಹಿಂದಕ್ಕೆ ಒರಗಿದ್ರೆ ಆಗಲ್ಲ, ಎಂದಿದ್ದಳು ಒಮ್ಮೆ ಗುಂಡಿ, ಯಾವಾಗಲೋ, ಕೇಳಿಸಿಕೊಳ್ಳದೆ ಪಾತ್ರೆ ತೊಳೆಯುತ್ತಿದ್ದೆ, ಮುಂದಕ್ಕೆ ಬಾಗಿದಳು, ಹಲ್ಲು ಕಚ್ಚಿದಳು, ತಳ್ಳಿದಳು — ಧಡಕ್, ಆಚೆ ಬದಿಗೆ ಇಳಿದಿದ್ದಳು, ದಾಟಿಬಿಟ್ಟಿದ್ದಳು, ಪುಸ್ತಕಗಳು ಚೆಲ್ಲಾಪಿಲ್ಲಿ, ಯಾರೂ ಎತ್ತಲಿಲ್ಲ, ಹೆದರಿದ ಗುಬ್ಬಿ ಪುರ್ರೆಂದು ಹೋಯಿತು, ಹೋಗು, ಪಟ್ಟಿಗೆ ನಿನ್ನನ್ನು ಮೀರಿಸುವವರು ಬರುತ್ತಿದ್ದಾರೆ, ಹಾಡು ಅರ್ಧಕ್ಕೆ ಮರೆತವನ ಹಾಗೆ ಸಿಳ್ಳೆ ಹಾಕುವ, ಗುಂಡಿ ನೋಡಲೇಬೇಕೆಂದಿರುವ ಆ ಬೆಟ್ಟದ ಹಕ್ಕಿ, ಮೈಯೆಲ್ಲ ಕಪ್ಪು, ಭುಜದಲ್ಲಿ ಮಾತ್ರ ನೀಲಿ, ಗುಂಡಿ ಫೋನಿನಲ್ಲಿ ಅದರ ಸಿಳ್ಳೆಯನ್ನು ಎಷ್ಟು ಸಲ ಹಾಕುತ್ತಾಳೆಂದರೆ ಇವಳು ಕುಕ್ಕರ್ ಕೂಗಿತೆಂದು ಎಷ್ಟೋ ಬಾರಿ ಅಡುಗೆಮನೆಗೆ ಓಡಿದ್ದಾಳೆ, ಫೋನು, ಫೋನೆಲ್ಲಿ, ಹಲೋ, ರೂಮು ನಮಗೇ, ಹೂಂ, ಪಕ್ಕಾ, ಹಲಗೆ ನಾವೇ ತರ್ತೀವಿ, ನೀವು ಒಂದೇ ಒಂದು ಉಪಕಾರ ಮಾಡಬೇಕು, ಹೇಳಿ ಮೇಡಂ, ಅವಳು ದಾಟುವಾಗ ಎಲ್ಲರೂ ಬೇರೆ ಕಡೆ ನೋಡ್ತಾ ನಿಲ್ಲಿ, ಬೇರೆ ಕಡೆನಾ, ಹೂಂ, ಹಕ್ಕಿ ನೋಡ್ತಾ ನಿಲ್ಲಿ, ಅಷ್ಟು ತಾನೇ ಮೇಡಂ, ಅದಕ್ಕೇನು ಬರ ಇಲ್ಲಿ.

ಮೂರಕ್ಕೆ ಐದು ನಿಮಿಷ, ಕುರ್ಚಿಯಿಂದ ಏಳಲು ಮನಸ್ಸಿಲ್ಲ, ಸೊಂಟ ಬಿಡುವಂತೆಯೂ ಇಲ್ಲ, ಶಾಲೆಯ ವ್ಯಾನು ಬರುವುದರೊಳಗೆ ಬಿಡಿಸಿಕೊಳ್ಳಬೇಕು, ಬೇಡ, ನೋಡಲಿ, ನಗಲಿ, ಬಾಗುವುದು ಹೇಗೆಂದು ಸರಿಯಾಗಿ ಹೇಳಿಕೊಡಲಿ, ಕತ್ತಿನ ಟೇಪನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು, ಕತ್ತಿನ ಹಿಂದೆ ಗಾಳಿ ಆಡಿತು, ಬರಿದಾಯಿತು, ಇರಲಿ, ಅಭ್ಯಾಸವಾಗುತ್ತದೆ — ಫೋನು ಮಿಣುಕಿತು, ಫೋಟೋ, ಈಗ ಬಂತು ಮಹಾರಾಯನ ಫೋಟೋ, ಮಸುಕು ಮಸುಕಾಗಿ ತೆರೆದುಕೊಳ್ಳುತ್ತಿದೆ, ಮರದ ಹೊಸ್ತಿಲು, ಅದಕ್ಕೆ ಒತ್ತಿಟ್ಟ ಕೈ, ಒಂದರ ಮೇಲೊಂದು ನಾಲ್ಕು ಬೆರಳು, ದಪ್ಪ ಬೆರಳು, ಒಂದರ ಉಗುರು ಕಪ್ಪು, ಕಣ್ಣಳತೆಗೆ ಮೂರೂವರೆಗಿಂತ ಕೂದಲೆಳೆಯೂ ಹೆಚ್ಚಿಲ್ಲ, ಮತ್ತು ಬಾಗಿಲಿನಾಚೆ, ಅಂಗಳದ ಬೇಲಿಯ ಮೇಲೆ, ಅವನು ನೋಡಿಯೇ ಇಲ್ಲದ್ದು, ಕಪ್ಪಗೆ, ಭುಜದಲ್ಲಿ — ಬೆರಳಿಟ್ಟು ಹಿಗ್ಗಿಸಿದಳು, ಇನ್ನೂ ಹಿಗ್ಗಿಸಿದಳು — ನಾಲ್ಕು ಬೆರಳು, ಅವುಗಳ ಮೇಲೆ, ನೀಲಿ.